ತೂಕಕ್ಕೆ ಹೋಗುತ್ತಿದ್ದ ಕನ್ನಡ ರೆಮಿಂಗ್ಟನ್ ಟೈಪ್‌ರೈಟರ್: ಅಕ್ಷರದ ಕಡ್ಡಿ ಏಳುತ್ತದೆ, ಇಳಿಯುವುದಿಲ್ಲ

ತಿಪಟೂರು ತೆಂಗು
ಎಲ್ಲರಿಗೂ ನಮಸ್ಕಾರ. ನಮ್ಮ ಊರಿನಲ್ಲಿ ಬೆರಳಚ್ಚು ಕಲಿಸುತ್ತಿದ್ದ ಸಂಸ್ಥೆಯೊಂದು ಬಾಗಿಲು ಹಾಕಿ ಎಷ್ಟೋ ಕಾಲವಾಗಿತ್ತು. ಈಗ ಆ ಕಟ್ಟಡವನ್ನೇ ಕೆಡವುತ್ತಿದ್ದಾರೆ. ಗುಜರಿಯವನು ಯಂತ್ರಗಳನ್ನು ತೂಕಕ್ಕೆ ಹಾಕಿಸಿಕೊಳ್ಳುತ್ತಿದ್ದಾಗ ಒಂದನ್ನು ಕೇಳಿ ಪಡೆದೆ. ರೆಮಿಂಗ್ಟನ್, ಕಚೇರಿಯ ಮೇಜಿನ ಮೇಲಿರುತ್ತಿದ್ದ ದೊಡ್ಡದು, ಕನ್ನಡ ಕೀಲಿಮಣೆ. ಎತ್ತಿದರೆ ಸೊಂಟ ಹಿಡಿಯುತ್ತದೆ.

ಸ್ಥಿತಿ ಹೀಗಿದೆ. ಕೀಲಿ ಒತ್ತಿದರೆ ಅಕ್ಷರದ ಕಡ್ಡಿ ನಿದ್ದೆಗಣ್ಣಿನಲ್ಲಿ ಎದ್ದಂತೆ ಎದ್ದು, ಕಾಗದ ಸುತ್ತುವ ರೋಲರ್ ಮುಟ್ಟಿ ಅಲ್ಲಿಯೇ ನಿಂತುಬಿಡುತ್ತದೆ. ಬೆರಳಿನಿಂದ ಕೆಳಗೆ ತಳ್ಳಬೇಕು. ರೋಲರನ್ನು ಹೊತ್ತು ಪಕ್ಕಕ್ಕೆ ಸರಿಯುವ ಕ್ಯಾರೇಜ್ ಅರ್ಧಕ್ಕೆ ಬಂದು ಸಿಕ್ಕಿಕೊಂಡಿದೆ. ರೋಲರಿನ ರಬ್ಬರಿಗೆ ಉಗುರು ಒತ್ತಿದರೆ ಗುರುತೂ ಬೀಳುವುದಿಲ್ಲ. ಇದೆಲ್ಲದರ ಜೊತೆಗೆ ಕೆಲವು ಕೀಲಿಗಳನ್ನು ಒತ್ತಿದಾಗ ಕ್ಯಾರೇಜ್ ಕದಲುವುದೇ ಇಲ್ಲ, ಅಕ್ಕಪಕ್ಕದ ಕೀಲಿಗಳಿಗೆ ಮಾತ್ರ ಒಂದಿಷ್ಟು ಅಲುಗುತ್ತದೆ.

ಮನೆಯಲ್ಲಿಯೇ ಸರಿ ಮಾಡಬಹುದೇ? ಪೂರ್ತಿ ಬಿಚ್ಚಬೇಕೇ? ಎಣ್ಣೆ ಯಾವುದು ಹಾಕಲಿ?

ಸಂಶಯ ಪಿಶಾಚಿ
ಸರಿ ಮಾಡಿಸಿ ಏನು ಮಾಡುತ್ತೀರಿ? ಮೊಬೈಲಿನಲ್ಲಿ ಮಾತನಾಡಿದರೆ ಕನ್ನಡ ತಾನಾಗಿ ಮೂಡುವ ಕಾಲ ಇದು.

ಎಸ್‌ಪಿ ರಸ್ತೆ
ಸುಲಭ ಕೆಲಸ. ಡಬ್ಲ್ಯೂಡಿ-40 ಒಂದು ಡಬ್ಬಿ ತನ್ನಿ, ಎಲ್ಲ ಕಡೆ ಚೆನ್ನಾಗಿ ಹೊಡೆಯಿರಿ, ಒಂದು ರಾತ್ರಿ ಬಿಡಿ. ಬೆಳಿಗ್ಗೆ ಬೆಣ್ಣೆಯಂತೆ ಓಡುತ್ತದೆ.

ಹಳೇ ಮೆಕ್ಯಾನಿಕ್
ದಯವಿಟ್ಟು ಮೇಲಿನ ಸಲಹೆಯನ್ನು ಪಾಲಿಸಬೇಡಿ. ಮರುದಿನ ಬೆಳಿಗ್ಗೆ ಓಡುವುದು ನಿಜ, ಮುಂದಿನ ಬೇಸಿಗೆಯ ಹೊತ್ತಿಗೆ ಈಗಿರುವುದಕ್ಕಿಂತ ಗಟ್ಟಿಯಾಗಿ ಅಂಟಿಕೊಂಡಿರುತ್ತದೆ. ಅದು ನೀರನ್ನು ಓಡಿಸಲೆಂದು ಮಾಡಿದ ದ್ರವ, ಹೆಸರಿನ ಡಬ್ಲ್ಯೂಡಿ ಎಂದರೆ ವಾಟರ್ ಡಿಸ್‌ಪ್ಲೇಸ್‌ಮೆಂಟ್ ಎಂದೇ. ತೆಳ್ಳಗೆ ಎಣ್ಣೆಯ ಪದರ ಉಳಿಸಿ ಹೋಗುತ್ತದೆ, ಆ ಪದರಕ್ಕೆ ನಮ್ಮ ಊರಿನ ಧೂಳು ಕೂತರೆ ಕಥೆ ಮುಗಿಯಿತು.

ತೆಂಗಿನವರೇ, ನಿಮ್ಮ ಯಂತ್ರದಲ್ಲಿ ಏನೂ ಮುರಿದಂತೆ ಕಾಣುವುದಿಲ್ಲ. ಕೊಳೆ ಅಷ್ಟೆ. ಕೀಲಿಮಣೆಯ ಹಿಂದೆ ಅರ್ಧಚಂದ್ರಾಕಾರದ ದಪ್ಪ ಲೋಹದ ತಟ್ಟೆ ಇದೆಯಲ್ಲ, ಅದರಲ್ಲಿ ಒತ್ತೊತ್ತಾಗಿ ಸೀಳುಗಳಿವೆ. ಒಂದೊಂದು ಸೀಳಿನಲ್ಲಿ ಒಂದೊಂದು ಕಡ್ಡಿಯ ಬುಡ. ಅದನ್ನು ಸೆಗ್ಮೆಂಟ್ ಎನ್ನುತ್ತೇವೆ. ಯಾರೋ ಪುಣ್ಯಾತ್ಮರು ಅಲ್ಲಿಗೆ ವರ್ಷಗಟ್ಟಲೆ ಎಣ್ಣೆ ಬಿಟ್ಟಿರುತ್ತಾರೆ. ಎಣ್ಣೆ, ಧೂಳು, ರಬ್ಬರಿನಲ್ಲಿ ಅಳಿಸಿದ ಪುಡಿ ಮೂರೂ ಸೇರಿ ಅಂಟಾಗಿದೆ. ಕಡ್ಡಿ ಹಿಂದಕ್ಕೆ ಬೀಳುವುದು ಹೆಚ್ಚಾಗಿ ತನ್ನ ಭಾರದಿಂದ, ಜೊತೆಗೆ ಒಂದು ಸಣ್ಣ ಸ್ಪ್ರಿಂಗಿನ ನೆರವು. ಆ ಸ್ಪ್ರಿಂಗಿಗೆ ಅಂಟನ್ನು ಗೆಲ್ಲುವ ಬಲವಿಲ್ಲ.

ಮೊದಲು ಒಣ ಕೆಲಸ. ಮೆತ್ತನೆಯ ಬಣ್ಣದ ಕುಂಚದಿಂದ ಮೇಲಿನಿಂದ ಕೆಳಗೆ ಧೂಳು ತೆಗೆಯಿರಿ. ಸೈಕಲ್ ಪಂಪಿನಿಂದ ಗಾಳಿ ಹೊಡೆಯಿರಿ. ಗುಂಡುಸೂಜಿ, ಸ್ಟೇಪಲ್ ಪಿನ್ನು, ಜಿರಲೆಯ ಮೊಟ್ಟೆ ಎಲ್ಲವೂ ಬರುತ್ತವೆ. ಧೂಳು ಇರುವಾಗಲೇ ದ್ರವ ಹಾಕಿದರೆ ಕೆಸರಾಗುತ್ತದೆ.

ಆಮೇಲೆ ಯಂತ್ರವನ್ನು ಹಿಂಬದಿಗೆ ಸ್ವಲ್ಪ ಎತ್ತಿ, ಅಂದರೆ ಮುಂಭಾಗ ಕೆಳಗಾಗುವಂತೆ ಇಟ್ಟು, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಸೀಳುಗಳಿಗೆ ಮಾತ್ರ ಟರ್ಪೆಂಟೈನ್ ಹಚ್ಚಿ, ಎಲ್ಲ ಕೀಲಿಗಳನ್ನೂ ಬಡಿಯುತ್ತಾ ಹೋಗಿ. ಕಪ್ಪು ನೀರು ಇಳಿಯುತ್ತದೆ. ಬಟ್ಟೆಯಿಂದ ಒರೆಸಿ ಮತ್ತೆ ಹಚ್ಚಿ. ಇಳಿಯುವ ನೀರು ತಿಳಿಯಾಗುವವರೆಗೆ ಇದೇ ಕೆಲಸ. ಒಣಗಿದ ಮೇಲೆ ಕಡ್ಡಿಯನ್ನು ಬೆರಳಿನಿಂದ ರೋಲರಿನವರೆಗೆ ಎತ್ತಿ ಬಿಡಿ; ತಡೆಯದೆ ಟಪ್ ಎಂದು ಬಿದ್ದರೆ ಆ ಸೀಳು ಶುದ್ಧ. ಸೆಗ್ಮೆಂಟಿಗೆ ಎಣ್ಣೆ ಹಾಕಬಾರದು. ಒಂದು ಹನಿಯೂ ಬೇಡ.

ಕಡಲತಡಿ
ಮಾರಾಯರೇ, ಒಂದು ಹನಿಯೂ ಬೇಡ ಎಂದರೆ ನಮ್ಮ ಕಡೆ ಒಂದೇ ಮಳೆಗಾಲಕ್ಕೆ ಸೀಳುಗಳು ತುಕ್ಕು ಹಿಡಿಯುತ್ತವೆ. ಕುಂದಾಪುರದಲ್ಲಿ ಕಿಟಕಿಯ ಸರಳೇ ಉಳಿಯುವುದಿಲ್ಲ.

ಹಳೇ ಮೆಕ್ಯಾನಿಕ್
ಒಪ್ಪಿದೆ, ಕರಾವಳಿಯ ಕಥೆ ಬೇರೆ. ಹಾಗಿದ್ದರೂ ಬಟ್ಟೆಯ ತುದಿಗೆ ಹೊಲಿಗೆ ಯಂತ್ರದ ಎಣ್ಣೆ ತಾಗಿಸಿ ಸೆಗ್ಮೆಂಟಿನ ಹೊರಮುಖವನ್ನು ಒರೆಸಿ, ಸೀಳಿನೊಳಗೆ ಬೇಡ. ಸಿಲಿಕಾ ಜೆಲ್ ಪೊಟ್ಟಣ ಒಳಗಿಟ್ಟು ಬಟ್ಟೆಯ ಮುಸುಕು ಹಾಕಿ. ಪ್ಲಾಸ್ಟಿಕ್ ಮುಸುಕು ಹಾಕಿದರೆ ತೇವ ಒಳಗೇ ಉಳಿಯುತ್ತದೆ.

ಕೊಡಗಿನ ಮಂಜು
ನಮ್ಮ ಮನೆಯಲ್ಲಿ ಹೊಲಿಗೆ ಯಂತ್ರಕ್ಕೂ ಬಾಗಿಲಿನ ತಿರುಗಣಿಗೂ ಕೊಬ್ಬರಿ ಎಣ್ಣೆಯೇ. ತಿಪಟೂರಿನವರಿಗೆ ಅದಕ್ಕೇನು ಬರ!

ನೀಲಿ ಶಾಯಿ
ಕೊಬ್ಬರಿ ಎಣ್ಣೆ 24 ಡಿಗ್ರಿಗೆ ಹೆಪ್ಪುಗಟ್ಟುತ್ತದೆ. ಮಡಿಕೇರಿಯ ಡಿಸೆಂಬರಿನಲ್ಲಿ ನಿಮ್ಮ ಬಾಗಿಲು ಹೇಗೆ ತೆರೆಯುತ್ತದೆಯೋ ನನಗೆ ಗೊತ್ತಿಲ್ಲ. ಟೈಪ್‌ರೈಟರಿಗೆ ಮಾತ್ರ ಬೇಡವೇ ಬೇಡ.

ಕೊಡಗಿನ ಮಂಜು
ಒದ್ದು ತೆರೆಯುತ್ತೇವೆ ಮೇಡಂ.

ಎಸ್‌ಪಿ ರಸ್ತೆ
ಟರ್ಪೆಂಟೈನ್ ಏಕೆ? ಐಸೋಪ್ರೊಪಿಲ್ ಆಲ್ಕೋಹಾಲ್ ಉತ್ತಮ. ಬೇಗ ಆರುತ್ತದೆ, ಜಿಡ್ಡು ಉಳಿಸುವುದಿಲ್ಲ. ಕಂಪ್ಯೂಟರ್ ಬೋರ್ಡುಗಳನ್ನು ನಾವು ಅದರಲ್ಲಿಯೇ ತೊಳೆಯುತ್ತೇವೆ.

ಹಳೇ ಮೆಕ್ಯಾನಿಕ್
ಲೋಹಕ್ಕೆ ಮಾತ್ರವಾದರೆ ಸರಿ. ಹಳೆಯ ಯಂತ್ರದ ಮೇಲಿನ ಬಣ್ಣ, ಮುಂದಿರುವ ಕಂಪನಿಯ ಚಿನ್ನದ ಅಕ್ಷರ, ಇವು ಆಲ್ಕೋಹಾಲಿಗೆ ಕರಗಿ ಬಟ್ಟೆಗೆ ಬರುವುದುಂಟು. ಹೊರಮೈಗೆ ಸಾಬೂನಿನ ನೀರಿನಲ್ಲಿ ಹಿಂಡಿದ ಬಟ್ಟೆ ಸಾಕು. ಯಾವ ದ್ರವವಾದರೂ ಮೊದಲು ಕಣ್ಣಿಗೆ ಬೀಳದ ಮೂಲೆಯಲ್ಲಿ ಹಚ್ಚಿ ನೋಡಿ. ರೋಲರಿಗೆ ಯಾವುದೂ ತಾಗದಂತೆ ಬಟ್ಟೆ ಹೊದಿಸಿಕೊಳ್ಳಿ.

ನಾವು ಅಂಗಡಿಯಲ್ಲಿದ್ದಾಗ ರಬ್ಬರಿನ ಭಾಗಗಳನ್ನೆಲ್ಲ ಬಿಚ್ಚಿಟ್ಟು ಉಳಿದದ್ದನ್ನು ಸೀಮೆಎಣ್ಣೆಯಲ್ಲಿ ತೊಳೆದು, ಆಮೇಲೆ ಪೆಟ್ರೋಲಿನಲ್ಲಿ ಜಾಲಿಸಿ ಬಿಸಿಲಿಗಿಡುತ್ತಿದ್ದೆವು. ಸೀಮೆಎಣ್ಣೆ ಕೊಳೆ ಬಿಡಿಸುತ್ತದೆ, ಆದರೆ ಜಿಡ್ಡು ಬಿಡುತ್ತದೆ. ಪೆಟ್ರೋಲ್ ಆ ಜಿಡ್ಡನ್ನು ಒಯ್ಯುತ್ತದೆ. ಮನೆಯಲ್ಲಿ ಇದನ್ನು ಮಾಡಬೇಡಿ. ಅಡುಗೆಮನೆಯಲ್ಲಿ ಗ್ಯಾಸ್ ಉರಿಯುತ್ತಿರುತ್ತದೆ, ಪಕ್ಕದ ಕೋಣೆಯಲ್ಲಿ ನೀವು ಪೆಟ್ರೋಲ್ ಬೋಗುಣಿ ಇಟ್ಟುಕೊಂಡು ಕೂತಿರುತ್ತೀರಿ. ಟರ್ಪೆಂಟೈನ್ ಕೂಡ ತಾರಸಿಯ ಮೇಲೆ, ಗಾಳಿಯಲ್ಲಿ.

ಕೋರ್ಟ್ ಮುಂದಿನ ಮರ
ಇಷ್ಟು ಹೊತ್ತು ಓದುತ್ತಿದ್ದೆ. ನಾನು ನ್ಯಾಯಾಲಯದ ಆವರಣದಲ್ಲಿ ಮರದ ಕೆಳಗೆ ಮೇಜು ಹಾಕಿಕೊಂಡು ಕರಾರು ಪತ್ರ, ಅಫಿಡವಿಟ್ಟು, ನೋಟಿಸು ಬಡಿದವನು. ತೆಂಗಿನವರು ಹೇಳಿದ ಕೊನೆಯ ತೊಂದರೆಯನ್ನು ಎಲ್ಲರೂ ಬಿಟ್ಟುಬಿಟ್ಟಿದ್ದೀರಿ. ಕೆಲವು ಕೀಲಿಗೆ ಕ್ಯಾರೇಜ್ ಸರಿಯುವುದಿಲ್ಲ ಎಂದರಲ್ಲ, ಅದು ರೋಗವಲ್ಲ ಸ್ವಾಮಿ! ಅಂಥ ಕೀಲಿ ಅಲ್ಲಾಡಬಾರದು ಎಂದೇ ಮಾಡಿರುವುದು.

ಇಂಗ್ಲಿಷಿನಲ್ಲಿ ಅಕ್ಷರದ ಪಕ್ಕ ಅಕ್ಷರ ಕೂತರೆ ಮುಗಿಯಿತು. ನಮಗೆ ಹಾಗಲ್ಲ. ತಲೆಕಟ್ಟು, ಕೊಂಬು, ದೀರ್ಘ ಎಂದು ತುಂಡುತುಂಡಾಗಿ ಜೋಡಿಸಬೇಕು, ಕೆಲವು ಗುರುತುಗಳು ಅಕ್ಷರ ಇರುವ ಜಾಗಕ್ಕೇ ಬಂದು ಬೀಳಬೇಕು. ಆ ಗುರುತಿನ ಕೀಲಿ ಒತ್ತಿದಾಗ ಕ್ಯಾರೇಜ್ ಮುಂದೆ ಹೋದರೆ ಅಕ್ಷರ ಒಂದು ಕಡೆ, ಗುರುತು ಇನ್ನೊಂದು ಕಡೆ. ಆದ್ದರಿಂದ ಅಂಥವನ್ನು ಮೊದಲು ಬಡಿಯುತ್ತೇವೆ, ಅಕ್ಷರವನ್ನು ಆಮೇಲೆ. ಅಕ್ಷರದ ಏಟಿಗೆ ಕ್ಯಾರೇಜ್ ಒಂದು ಹೆಜ್ಜೆ ಹೋಗುತ್ತದೆ. ಕಾಗದದಲ್ಲಿ ಬರೆಯುವಾಗಿನ ಕ್ರಮಕ್ಕೆ ತಿರುಗಾಮುರುಗಾ. ಕಲಿಯುವಾಗ ತಲೆ ಕೆಡುತ್ತದೆ, ಒಮ್ಮೆ ಬೆರಳಿಗೆ ಹತ್ತಿದರೆ ಬರೆಯುವಾಗಲೂ ಕೊಂಬನ್ನು ಮೊದಲು ಹಾಕುವ ಚಟ ಬರುತ್ತದೆ.

ಹಳೇ ಮೆಕ್ಯಾನಿಕ್
ಮರದವರು ಹೇಳಿದ್ದು ನೂರಕ್ಕೆ ನೂರು. ಇನ್ನೂ ಒಂದು ಮಾತು ಸೇರಿಸುತ್ತೇನೆ. ಎಲ್ಲ ಕೀಲಿಗಳೂ ಏಳುವಾಗ ಅಡ್ಡಡ್ಡ ಇರುವ ಒಂದು ಪಟ್ಟಿಯನ್ನು ತಳ್ಳುತ್ತವೆ. ಆ ಪಟ್ಟಿ ಕದಲಿದಾಗ ಹಿಂದಿನ ಹಲ್ಲಿನ ಚಕ್ರಕ್ಕೆ ಒಂದು ಹಲ್ಲಿನ ಬಿಡುಗಡೆ, ಅದರಿಂದಲೇ ಕ್ಯಾರೇಜ್ ಒಂದು ಹೆಜ್ಜೆ. ಸರಿಯದ ಕೀಲಿಗಳಲ್ಲಿ ಪಟ್ಟಿಗೆ ತಾಗುವ ಜಾಗವನ್ನೇ ಕಚ್ಚು ಹಾಕಿ ತೆಗೆದಿರುತ್ತಾರೆ. ಅಲ್ಲಿ ಏನೋ ಸವೆದಿದೆ ಎಂದುಕೊಂಡು ಲೋಹದ ತುಂಡು ಬೆಸೆಸಿದ ಮಹಾನುಭಾವರೊಬ್ಬರನ್ನು ನಾನು ಕಂಡಿದ್ದೇನೆ. ಅವರು ಬಡಿದ ಕಾಗದದಲ್ಲಿ ಗುರುತುಗಳೆಲ್ಲ ಬೇರೆ ಮನೆ ಮಾಡಿಕೊಂಡಿದ್ದವು.

ತಿಪಟೂರು ತೆಂಗು
ಅಬ್ಬಾ, ಬದುಕಿದೆ. ನೋಡಿದೆ ಸರ್, ಸರಿಯದವೆಲ್ಲ ಗುರುತುಗಳೇ, ಪೂರ್ತಿ ಅಕ್ಷರ ಒಂದೂ ಇಲ್ಲ. ಹಾಗಾದರೆ ಕ್ಯಾರೇಜ್ ಅರ್ಧದಲ್ಲಿ ನಿಂತಿರುವುದು?

ನೀಲಿ ಶಾಯಿ
ಅಂಚು ನಿಲ್ಲಿಸುವ ಕೊಕ್ಕೆಗಳನ್ನು ನೋಡಿದಿರಾ? ಕ್ಯಾರೇಜಿನ ಹಿಂದಿನ ಹಲ್ಲುಪಟ್ಟಿಯ ಮೇಲೆ ಎರಡು ಇರುತ್ತವೆ. ಸಂಸ್ಥೆಯಲ್ಲಿ ಮಕ್ಕಳು ಎರಡನ್ನೂ ನಡುವಿಗೆ ತಳ್ಳಿಟ್ಟು ಹೋಗುತ್ತಿದ್ದರು, ಮುಂದಿನ ಬ್ಯಾಚಿನವರು ಯಂತ್ರ ಕೆಟ್ಟಿದೆ ಎಂದು ದೂರುತ್ತಿದ್ದರು. ಎರಡನ್ನೂ ತುದಿಗಳಿಗೆ ಸರಿಸಿ ನೋಡಿ.

ಹಳೇ ಮೆಕ್ಯಾನಿಕ್
ಸರಿಯಾದ ಮಾತು. ಪೋರ್ಟಬಲ್ ಯಂತ್ರವಾದರೆ ಸಾಗಣೆಗೆಂದು ಕ್ಯಾರೇಜಿಗೆ ಒಂದು ಬೀಗವೂ ಇರುತ್ತದೆ, ಅದನ್ನೂ ನೋಡಬೇಕು. ಎರಡೂ ಅಲ್ಲವಾದರೆ ಕ್ಯಾರೇಜ್ ಓಡುವ ಹಳಿಯಲ್ಲಿ ಗುಂಡುಸೂಜಿ ಸಿಕ್ಕಿರುತ್ತದೆ. ಟಾರ್ಚ್ ಹಾಕಿ ನೋಡಿ, ಇಕ್ಕುಳದಿಂದ ತೆಗೆಯಿರಿ. ಬಲ ಹಾಕಿ ಎಳೆಯಬೇಡಿ. ಎಣ್ಣೆ ಬೇಕಾಗುವುದು ಆ ಹಳಿಗೇ: ಬಟ್ಟೆಗೆ ತಾಗಿಸಿ ಒರೆಸುವಷ್ಟು.

ಅಲ್ಪಪ್ರಾಣ
ವಿಷಯಾಂತರಕ್ಕೆ ಕ್ಷಮೆ ಇರಲಿ. ಈ ಕೀಲಿಮಣೆಯನ್ನು ರೂಪಿಸಿದವರು ಕೆ. ಅನಂತ ಸುಬ್ಬರಾಯರು ಎಂಬುದನ್ನು ಯಾರೂ ಹೇಳಲಿಲ್ಲ. ಕಂಪ್ಯೂಟರಿನಲ್ಲಿ ಕನ್ನಡ ಎಂದೊಡನೆ ಕೆ.ಪಿ. ರಾವ್ ಅವರ ಹೆಸರು ಎಲ್ಲರ ಬಾಯಲ್ಲಿದೆ, ನ್ಯಾಯವೇ. ಆದರೆ ಇಷ್ಟೊಂದು ಒತ್ತು, ಗುಣಿತಗಳನ್ನು ನಾಲ್ಕು ಸಾಲು ಕೀಲಿಯೊಳಗೆ ಕೂರಿಸಿದವರನ್ನು ಮರೆಯುವುದು ಸರಿಯಲ್ಲ.

ಎಸ್‌ಪಿ ರಸ್ತೆ
ಕೆ.ಪಿ. ರಾವ್ ವಿನ್ಯಾಸದಲ್ಲಿ ಮಾಮೂಲಿ ಇಂಗ್ಲಿಷ್ ಕೀಲಿಮಣೆಯ 26 ಅಕ್ಷರದ ಕೀಲಿಗಳಲ್ಲಿಯೇ ಇಡೀ ಕನ್ನಡ ಬರುತ್ತದೆ. ಉಚ್ಚಾರಣೆಯ ಕ್ರಮದಲ್ಲಿ ಒತ್ತಿದರಾಯಿತು, ಜೋಡಿಸುವುದು ತಂತ್ರಾಂಶದ ಪಾಡು. ಎರಡನ್ನೂ ಹೋಲಿಸುವುದು ಹೇಗೆ?

ಕೋರ್ಟ್ ಮುಂದಿನ ಮರ
ಹೋಲಿಸುವುದು ಬೇಡ. ಆದರೆ ಟೈಪ್‌ರೈಟರಿನಲ್ಲಿ ಕಲಿತವರಿಗೆ ಬೆರಳು ಮರೆಯುವುದಿಲ್ಲ. ಕಂಪ್ಯೂಟರಿಗೆ ಬಂದಾಗಲೂ ನಾವು ಹುಡುಕಿದ್ದು ಹಳೆಯ ಬೆರಳಚ್ಚು ವಿನ್ಯಾಸವನ್ನೇ. ಕಚೇರಿಗೆ ಬಂದ ಹೊಸ ಹುಡುಗ ‘ನುಡಿ’ ಎಂಬ ಕನ್ನಡ ತಂತ್ರಾಂಶದಲ್ಲಿ ನಮ್ಮ ವಿನ್ಯಾಸವನ್ನು ಬದಲಿಸಿಟ್ಟು ಊಟಕ್ಕೆ ಹೋದರೆ ಅರ್ಧ ದಿನದ ಕೆಲಸ ನಿಲ್ಲುತ್ತಿತ್ತು.

ಸಂಶಯ ಪಿಶಾಚಿ
ಟೈಪ್‌ರೈಟರ್ ಕಾರ್ಖಾನೆಯೇ ಇಲ್ಲ ಈಗ. ಗೋದ್ರೆಜ್ 2011ರಲ್ಲಿ ಮುಚ್ಚಿತು, ಅದು ಪ್ರಪಂಚದ ಕೊನೆಯದು. ಬಿಡಿಭಾಗ ಎಲ್ಲಿಂದ ತರುತ್ತೀರಿ?

ದೂರದ ಬೆಟ್ಟ
ಎರಡೂ ತಪ್ಪು. ಗೋದ್ರೆಜ್ ತಯಾರಿಕೆ ನಿಲ್ಲಿಸಿದ್ದು 2009ರಲ್ಲಿ; 2011ರಲ್ಲಿ ಸುದ್ದಿಯಾಯಿತು, ಅಷ್ಟೆ. 1955ರಿಂದ ಮಾಡುತ್ತಿದ್ದ ಕಂಪನಿ ಅದು. ಪ್ರಪಂಚದ ಕೊನೆಯದು ಎಂಬ ತಲೆಬರಹವೂ ಆಗಲೇ ಸುಳ್ಳೆಂದು ಗೊತ್ತಾಯಿತು. ನಾನಿರುವ ನ್ಯೂಜೆರ್ಸಿಯಲ್ಲಿಯೇ ಸ್ವಿನ್‌ಟೆಕ್ ಎಂಬ ಕಂಪನಿ ಆಗಲೂ ವಿದ್ಯುತ್ ಟೈಪ್‌ರೈಟರ್ ಮಾರುತ್ತಿತ್ತು. ಜೈಲುಗಳಿಗಾಗಿ ಪಾರದರ್ಶಕ ಪ್ಲಾಸ್ಟಿಕ್ ಮೈಯ ಯಂತ್ರ ಮಾಡುತ್ತಾರೆ, ಒಳಗೆ ಏನನ್ನೂ ಬಚ್ಚಿಡಬಾರದು ಎಂದು.

ಸಂಶಯ ಪಿಶಾಚಿ
ಸರಿ, ಜೈಲಿಗೆ ಹೋದರೆ ನೆನಪಿಟ್ಟುಕೊಳ್ಳುತ್ತೇನೆ.

ತಿಪಟೂರು ತೆಂಗು
ಸುದ್ದಿ ಇದೆ. ತಾರಸಿಯ ಮೇಲೆ ಕೂತು ತೊಳೆದೆ. ಕೊಕ್ಕೆಗಳು ನೀಲಿ ಶಾಯಿಯವರು ಹೇಳಿದಂತೆ ನಡುವಿನಲ್ಲಿಯೇ ಇದ್ದವು! ಕ್ಯಾರೇಜ್ ಈಗ ತುದಿಯವರೆಗೆ ಓಡುತ್ತಿದೆ, ಗಂಟೆಯೂ ಬಾರಿಸಿತು. ಕಡ್ಡಿಗಳು ಟಪ್ ಟಪ್ ಎಂದು ಬೀಳುತ್ತಿವೆ, ಎರಡು ಮಾತ್ರ ಮೊಂಡು. ಹೊಸ ರಿಬ್ಬನ್ ಹಾಕಿದೆ. ಆದರೆ ಕಾಗದದ ಮೇಲೆ ಒಂದು ಅಕ್ಷರವೂ ಮೂಡುತ್ತಿಲ್ಲ, ಒತ್ತಿದ ಗುಳಿ ಮಾತ್ರ ಕಾಣುತ್ತದೆ.

ನೀಲಿ ಶಾಯಿ
ಕೀಲಿಮಣೆಯ ಪಕ್ಕದಲ್ಲಿ ಒಂದು ಸಣ್ಣ ಸನ್ನೆ ಇದೆಯೇ, ಬಣ್ಣದ ಚುಕ್ಕಿಗಳಿರುವುದು? ಬಿಳಿ ಚುಕ್ಕಿಗೆ ನಿಂತಿರುತ್ತದೆ ನೋಡಿ. ಅದು ಸ್ಟೆನ್ಸಿಲ್ ಕತ್ತರಿಸುವ ಜಾಗ. ರಿಬ್ಬನ್ ಮೇಲೇಳುವುದೇ ಇಲ್ಲ, ಅಕ್ಷರ ನೇರವಾಗಿ ಮೇಣದ ಹಾಳೆಯನ್ನು ಕೊರೆಯಬೇಕು ಎಂದು. ಬೇರೆ ಚುಕ್ಕಿಗೆ ತಿರುಗಿಸಿ.

ತಿಪಟೂರು ತೆಂಗು
ಮೇಡಂ, ನಿಮ್ಮ ಕಾಲಿಗೆ ನಮಸ್ಕಾರ.

ಕಡಲತಡಿ
ಸ್ಟೆನ್ಸಿಲ್ ಎಂದಾಗ ನೆನಪಾಯಿತು. ನಮ್ಮ ಶಾಲೆಯಲ್ಲಿ ಪ್ರಶ್ನೆಪತ್ರಿಕೆ ಸೈಕ್ಲೋಸ್ಟೈಲ್, ಅಂದರೆ ಕೊರೆದ ಮೇಣದ ಹಾಳೆಯ ಮೂಲಕ ಶಾಯಿ ಇಳಿಸಿ ತೆಗೆದ ಪ್ರತಿ. ಪರೀಕ್ಷೆಯ ದಿನ ಹಾಳೆಯ ಮೇಲೆ ಕೈ ಇಟ್ಟರೆ ಅಂಗೈಯಲ್ಲಿ ಮೂರನೆಯ ಪ್ರಶ್ನೆ. ಸೊನ್ನೆಯ ಒಳಭಾಗ ಸ್ಟೆನ್ಸಿಲ್‌ನಲ್ಲಿ ಉದುರಿಹೋಗಿ ಬರೀ ಕಪ್ಪು ಬೊಟ್ಟು ಮೂಡಿರುತ್ತಿತ್ತು. ಗಣಿತದ ಪತ್ರಿಕೆಯಲ್ಲಿ ಅದು ಸೊನ್ನೆಯೋ ದಶಮಾಂಶದ ಬಿಂದುವೋ ಎಂದು ಮೇಷ್ಟ್ರನ್ನು ಕೇಳಿದರೆ ಅವರಿಗೂ ಸಂಶಯ.

ಕೋರ್ಟ್ ಮುಂದಿನ ಮರ
ಅದು ಸ್ಟೆನ್ಸಿಲ್ ತಪ್ಪಲ್ಲದೆಯೂ ಇರಬಹುದು. ಅಚ್ಚಿನ ಮುಖದಲ್ಲಿ ಶಾಯಿ ತುಂಬಿಕೊಂಡರೂ ಹಾಗೆಯೇ ಬೀಳುತ್ತದೆ. ಕನ್ನಡದಲ್ಲಿ ಇದು ಇಂಗ್ಲಿಷಿಗಿಂತ ದೊಡ್ಡ ತಲೆನೋವು, ಏಕೆಂದರೆ ನಮ್ಮ ಅಕ್ಷರಗಳೆಲ್ಲ ದುಂಡು. ಠ ಒಳಗಿನ ಚುಕ್ಕಿ ಮುಚ್ಚಿದರೆ ಅದೂ ರ ಅಕ್ಷರವೂ ಒಂದೇ. ಥ ಮುಚ್ಚಿದರೆ ಧ ಆಗುತ್ತದೆ. ಕ್ರಯಪತ್ರದಲ್ಲಿ ಇಂಥದ್ದು ಬಿದ್ದರೆ ವಕೀಲರು ನಮ್ಮನ್ನು ಬಿಡುತ್ತಿರಲಿಲ್ಲ. ಬೆಳಿಗ್ಗೆ ಮೊದಲ ಕೆಲಸವೇ ಗಟ್ಟಿ ಬ್ರಷ್ಷಿಗೆ ಸ್ಪಿರಿಟ್ ತಾಗಿಸಿ ಅಚ್ಚುಗಳನ್ನು ಉಜ್ಜುವುದು, ಕಾಗದ ಏರಿಸುವುದು ಆಮೇಲೆ. ಸೂಜಿಯಿಂದ ಕೆದಕಬೇಡಿ, ಅಚ್ಚಿಗೆ ಗೀರು ಬಿದ್ದರೆ ಪ್ರತಿ ಅಕ್ಷರದಲ್ಲಿಯೂ ಆ ಗೀರು ಬರುತ್ತದೆ. ತೀರಾ ಹಟ ಹಿಡಿದದ್ದಕ್ಕೆ ಬಿದಿರಿನ ಹಲ್ಲುಕಡ್ಡಿ.

ಇನ್ನೊಂದು. ಅಳಿಸುವಾಗ ಕ್ಯಾರೇಜನ್ನು ಪೂರ್ತಿ ಒಂದು ಪಕ್ಕಕ್ಕೆ ತಳ್ಳಿ ಅಳಿಸಬೇಕು. ರಬ್ಬರಿನ ಪುಡಿ ಆಗ ಯಂತ್ರದ ಹೊರಗೆ ಬೀಳುತ್ತದೆ.

ತಿಪಟೂರು ತೆಂಗು
ಉಜ್ಜಿದೆ ಸರ್. ಠ ಮತ್ತು ರ ಈಗ ಬೇರೆ ಬೇರೆ. ಉಳಿದದ್ದು ಎರಡು ಮೊಂಡು ಕಡ್ಡಿ ಮತ್ತು ಆ ರೋಲರ್. ಅಕ್ಷರ ಬಿದ್ದರೆ ಕಾಗದಕ್ಕೆ ತೂತು ಬೀಳುತ್ತಿದೆ.

ಎಸ್‌ಪಿ ರಸ್ತೆ
ರೋಲರಿಗೆ ಬ್ರೇಕ್ ಆಯಿಲ್ ಹಚ್ಚಿದರೆ ಮೆತ್ತಗಾಗುತ್ತದೆ ಎಂದು ವಿಡಿಯೊದಲ್ಲಿ ನೋಡಿದ್ದೇನೆ.

ಹಳೇ ಮೆಕ್ಯಾನಿಕ್
ಎಸ್‌ಪಿ ರಸ್ತೆಯವರೇ, ನಿಮ್ಮ ಉತ್ಸಾಹಕ್ಕೆ ಮೆಚ್ಚಿದೆ. ಬ್ರೇಕ್ ಆಯಿಲ್ ಬಣ್ಣವನ್ನು ಸುಲಿಯುತ್ತದೆ. ರಬ್ಬರ್ ಮೇಲ್ಮೈ ಜಿಗುಟಾಗುತ್ತದೆ, ಒಳಗೆ ಕಲ್ಲು ಕಲ್ಲೇ. ಬೇಡ.

ಸದ್ಯಕ್ಕೆ ಬಡಿಯುವ ಹಾಳೆಯ ಹಿಂದೆ ಇನ್ನೊಂದು ದಪ್ಪ ಹಾಳೆ ಸೇರಿಸಿ ಏರಿಸಿ. ತೂತು ನಿಲ್ಲುತ್ತದೆ, ಸದ್ದೂ ತಗ್ಗುತ್ತದೆ. ಕಾಗದ ಜಾರುತ್ತಿದ್ದರೆ ನುಣ್ಣನೆಯ ಮರಳು ಕಾಗದದಿಂದ ರೋಲರನ್ನು ತಿರುಗಿಸುತ್ತಾ ಒಂದೇ ಸಮನಾಗಿ ಹಗುರಾಗಿ ಉಜ್ಜಿ, ಹೊಳಪು ಹೋದರೆ ಸಾಕು. ಶಾಶ್ವತ ಪರಿಹಾರ ಬೇಕೆಂದರೆ ಮುದ್ರಣಾಲಯದ ರೋಲರುಗಳಿಗೆ ರಬ್ಬರ್ ಹೊದಿಸುವವರನ್ನು ಕೇಳಿ. ಹಳೆಯದರ ಸುತ್ತಳತೆಯನ್ನು ಅಳೆದುಕೊಂಡು ಹೋಗಿ. ದಪ್ಪ ಹೆಚ್ಚುಕಡಿಮೆಯಾದರೆ ಅಕ್ಷರ ಬೀಳುವ ಜಾಗವೇ ಬದಲಾಗುತ್ತದೆ.

ಮೊಂಡು ಕಡ್ಡಿಗಳ ವಿಷಯ: ಅವನ್ನು ಪಕ್ಕದಿಂದ ನೋಡಿ. ಸೀಳಿಗೆ ನೇರವಾಗಿ ನಿಂತಿವೆಯೇ? ಕಲಿಯುವವರು ಒಟ್ಟಿಗೆ ಎರಡು ಕೀಲಿ ಬಡಿದು, ಮೇಲೆ ತೊಡರಿಕೊಂಡದ್ದನ್ನು ಎಳೆದು ಬಿಡಿಸಿರುತ್ತಾರೆ. ಕೂದಲೆಳೆಯಷ್ಟು ಬಾಗಿದ್ದರೂ ಸೀಳಿನ ಗೋಡೆಗೆ ಉಜ್ಜುತ್ತದೆ. ಬುಡದ ಹತ್ತಿರ ಬೆರಳಿನಿಂದಲೇ ಮೆಲ್ಲಗೆ ವಿರುದ್ಧ ದಿಕ್ಕಿಗೆ ಒತ್ತಿ, ಬಿಟ್ಟು ನೋಡಿ, ಮತ್ತೆ ಒತ್ತಿ. ಇಕ್ಕುಳ ಹಿಡಿಯಬೇಡಿ. ತುದಿಯ ಅಚ್ಚನ್ನಂತೂ ಮುಟ್ಟಬೇಡಿ, ಬೆಸುಗೆ ಬಿಟ್ಟರೆ ಮತ್ತೆ ಅದೇ ಸಾಲಿಗೆ ಕೂರಿಸುವುದು ಮನೆಯ ಕೆಲಸವಲ್ಲ.

ಅಲ್ಪಪ್ರಾಣ
ಇಡೀ ಯಂತ್ರವನ್ನು ಬಿಚ್ಚಬೇಕೇ ಎಂದು ಕೇಳಿದ್ದರು, ಅದಕ್ಕೆ ಉತ್ತರ ಬರಲೇ ಇಲ್ಲ.

ಹಳೇ ಮೆಕ್ಯಾನಿಕ್
ಬೇಡ. ಮೇಲಿನ ಹೊದಿಕೆ, ಹಿಂದಿನ ತಗಡು ತೆಗೆದರೆ ಸಾಕು. ಸ್ಕ್ರೂ ತಲೆಗೆ ಸರಿಹೊಂದುವ ಅಗಲದ ಸ್ಕ್ರೂಡ್ರೈವರ್ ಇರಲಿ, ಒಂದೊಂದನ್ನು ತೆಗೆಯುವ ಮೊದಲು ಮೊಬೈಲಿನಲ್ಲಿ ಚಿತ್ರ ತೆಗೆದುಕೊಳ್ಳಿ. ಸಂಶಯ ಪಿಶಾಚಿಯವರೇ, ಮೊಬೈಲಿನ ಉಪಯೋಗ ಇಲ್ಲಿದೆ.

ಹಿಂಬದಿಯಲ್ಲಿ ದುಂಡನೆಯ ಡಬ್ಬಿಯೊಂದು ಕಾಣುತ್ತದೆ, ಅದರಿಂದ ಒಂದು ಪಟ್ಟಿ ಅಥವಾ ದಾರ ಕ್ಯಾರೇಜಿಗೆ ಹೋಗಿರುತ್ತದೆ. ಅದನ್ನು ಕಳಚಬೇಡಿ. ಒಳಗೆ ಸುತ್ತಿದ ಮುಖ್ಯ ಸ್ಪ್ರಿಂಗ್ ಇದೆ. ಪಟ್ಟಿ ಬಿಟ್ಟರೆ ಡಬ್ಬಿ ಗಿರ್ರನೆ ತಿರುಗಿ ಬೆರಳು ಸೀಳುತ್ತದೆ, ಎಷ್ಟು ಸುತ್ತು ಇತ್ತೆಂಬ ಲೆಕ್ಕವೂ ಹೋಗುತ್ತದೆ.

ದೂರದ ಬೆಟ್ಟ
ನನ್ನ ಬಳಿಯ ಇಂಗ್ಲಿಷ್ ಪೋರ್ಟಬಲ್‌ನಲ್ಲಿ ಆ ದಾರವೇ ಹರಿದಿದೆ. ಕೈಯಿಂದ ತಳ್ಳಿದರೆ ಮಾತ್ರ ಕ್ಯಾರೇಜ್ ಹೋಗುತ್ತದೆ. ಇಲ್ಲಿನ ಅಂಗಡಿಯವರು ಕೇಳುವ ಹಣಕ್ಕೆ ಊರಿಗೆ ಬಂದು ಹೋಗಬಹುದು.

ಹಳೇ ಮೆಕ್ಯಾನಿಕ್
ಹರಿದೇ ಹೋಗಿದ್ದರೆ ಸ್ಪ್ರಿಂಗ್ ಆಗಲೇ ಸಡಿಲವಾಗಿದೆ, ಅಪಾಯ ಕಡಿಮೆ. ಮೀನು ಹಿಡಿಯುವ ಹೆಣೆದ ದಾರ ತನ್ನಿ, ಎಳೆದರೆ ಹಿಗ್ಗದಂಥದ್ದು. ಒಂದು ತುದಿಯನ್ನು ಡಬ್ಬಿಯ ಕೊಕ್ಕೆಗೆ ಕಟ್ಟಿ. ಡಬ್ಬಿಯನ್ನು ಬಿಗಿಯಾಗುವ ದಿಕ್ಕಿಗೆ ಕೆಲವು ಸುತ್ತು ತಿರುಗಿಸಿ ಬಿಗಿಹಿಡಿದು, ಇನ್ನೊಂದು ತುದಿಯನ್ನು ಕ್ಯಾರೇಜಿಗೆ ಸಿಕ್ಕಿಸಿ. ಅಕ್ಷರ ಬಡಿದಾಗ ಸಾಲಿನ ಕೊನೆಯವರೆಗೆ ಕ್ಯಾರೇಜ್ ಹಿಂಜರಿಯದೆ ಹೋದರೆ ಅಷ್ಟು ಬಿಗಿ ಸಾಕು. ಅತಿ ಬಿಗಿಯಾದರೆ ಅಕ್ಷರಗಳ ನಡುವೆ ಜಾಗ ಹಾರುತ್ತದೆ.

ಕಡಲತಡಿ
ಮೀನಿನ ದಾರ ಬೇಕಾದರೆ ಕುಂದಾಪುರದಿಂದ ಕಳುಹಿಸುತ್ತೇನೆ ಮಾರಾಯರೇ, ನ್ಯೂಜೆರ್ಸಿಗೆ ಅಂಚೆ ವೆಚ್ಚ ನಿಮ್ಮದು.

ನೀಲಿ ಶಾಯಿ
ತೆಂಗಿನವರೇ, ಹೊಸ ರಿಬ್ಬನ್ ಸಿಕ್ಕಿದ್ದು ಎಲ್ಲಿ? ಹಳೆಯ ಲೋಹದ ಸುರುಳಿಗಳನ್ನು ಎಸೆಯಬೇಡಿ. ಅರ್ಧ ಇಂಚಿನ ರಿಬ್ಬನ್ ಈಗಲೂ ಸಿಗುತ್ತದೆ, ಅದು ಬರುವ ಪ್ಲಾಸ್ಟಿಕ್ ಸುರುಳಿ ಎಲ್ಲ ಯಂತ್ರಕ್ಕೂ ಕೂರುವುದಿಲ್ಲ. ಬಿಚ್ಚಿ ಹಳೆಯದಕ್ಕೆ ಸುತ್ತಿಕೊಳ್ಳಬೇಕು. ಎರಡೂ ತುದಿಗೆ ಲೋಹದ ಸಣ್ಣ ಬಳೆ ಇದೆಯೇ ನೋಡಿಕೊಳ್ಳಿ. ಅದು ತಾಗಿದಾಗಲೇ ರಿಬ್ಬನ್ ದಿಕ್ಕು ಬದಲಿಸುವುದು. ಇಲ್ಲದಿದ್ದರೆ ತುದಿಗೆ ಬಂದು ನಿಂತು ಒಂದೇ ಜಾಗದಲ್ಲಿ ತೂತಾಗುವವರೆಗೆ ಏಟು ತಿನ್ನುತ್ತದೆ.

ತಿಪಟೂರು ತೆಂಗು
ಬೆಂಗಳೂರಿನ ಅವೆನ್ಯೂ ರಸ್ತೆಯಿಂದ ಅಣ್ಣ ತಂದುಕೊಟ್ಟ ಮೇಡಂ. ಬಳೆ ಇದೆ. ಮೊಂಡು ಕಡ್ಡಿಗಳಲ್ಲಿ ಒಂದು ಸರಿಹೋಯಿತು, ಇನ್ನೊಂದರ ಬುಡವನ್ನು ಈಗ ಒತ್ತುತ್ತಿದ್ದೇನೆ. ಇನ್ನೊಂದು ಸಮಸ್ಯೆ ಕಂಡಿತು: ಶಿಫ್ಟ್ ಒತ್ತಿ ಬಡಿದ ಅಕ್ಷರಗಳು ಸಾಲಿಗಿಂತ ತುಸು ಮೇಲೆ ಬೀಳುತ್ತಿವೆ.

ಹಳೇ ಮೆಕ್ಯಾನಿಕ್
ಶಿಫ್ಟ್ ಎಲ್ಲಿಗೆ ನಿಲ್ಲಬೇಕೆಂದು ತಡೆಯುವ ಎರಡು ತಿರುಪುಗಳು ಎಡಕ್ಕೆ, ಬಲಕ್ಕೆ ಇರುತ್ತವೆ, ಮೇಲೆ ಬಿಗಿಯುವ ನಟ್ಟು. ಮೊದಲು ಅಲ್ಲಿ ಕೊಳೆ ಕೂತು ಶಿಫ್ಟ್ ಪೂರ್ತಿ ಚಲಿಸದೆ ನಿಂತಿದೆಯೇ ನೋಡಿ. ಸ್ವಚ್ಛ ಮಾಡಿದ ಮೇಲೂ ಹಾಗೆಯೇ ಇದ್ದರೆ ಎರಡೂ ಕಡೆಯನ್ನು ಸಮನಾಗಿ, ಕಾಲು ಸುತ್ತಿಗಿಂತ ಕಡಿಮೆ ತಿರುಗಿಸಿ, ಶಿಫ್ಟ್ ಇಲ್ಲದ ಒಂದಕ್ಷರ, ಶಿಫ್ಟ್ ಇರುವ ಒಂದಕ್ಷರ ಎಂದು ಪಕ್ಕಪಕ್ಕ ಬಡಿದು ನೋಡುತ್ತಾ ಹೋಗಿ. ಅದಕ್ಕೂ ಮೊದಲು ತಿರುಪು ಈಗಿರುವ ಜಾಗವನ್ನು ಸೀಸದ ಕಡ್ಡಿಯಲ್ಲಿ ಗುರುತು ಮಾಡಿಕೊಳ್ಳಿ.

ಸಂಶಯ ಪಿಶಾಚಿ
ಒಂದು ಪ್ರಶ್ನೆ, ಕುಹಕವಲ್ಲ. ಆ ಗುಜರಿಯವನ ಬಳಿ ಇನ್ನೂ ಯಂತ್ರಗಳು ಉಳಿದಿವೆಯೇ?

ತಿಪಟೂರು ತೆಂಗು
ನಿನ್ನೆ ಸಂಜೆ ನೋಡಿದಾಗ ಇಂಗ್ಲಿಷಿನವು ಇದ್ದವು ಸರ್, ಕನ್ನಡದ್ದು ಒಂದು. ಬೇಗ ಬನ್ನಿ, ಸೋಮವಾರ ಲಾರಿ ಬರುತ್ತದೆಯಂತೆ.